ಬೋಟಿನಲ್ಲಿ “ಎರಡೇ ಬಿಯರ್”: ಲೇಕ್ ಲೇನಿಯರ್‌ಗೆ ಹೊರಟ ಕುಟುಂಬಕ್ಕೆ ಉತ್ತರ

ಪ್ರಶ್ನೆ: ನಾವು ಜಾರ್ಜಿಯಾದ ಕಮಿಂಗ್‌ನಲ್ಲಿದ್ದೇವೆ. ಜುಲೈ 4ರ ರಜೆಗೆ ಮೂರು ಕುಟುಂಬ ಸೇರಿ ಲೇಕ್ ಲೇನಿಯರ್‌ನಲ್ಲಿ ಪಾಂಟೂನ್ ಬೋಟ್ (ತೇಲುಕೊಳವೆಗಳ ಮೇಲೆ ಕೂರಿಸಿದ ಚಪ್ಪಟೆ ಬೋಟು) ಬಾಡಿಗೆಗೆ ತಗೊಂಡಿದ್ದೇವೆ. ದಾವಣಗೆರೆಯಿಂದ ಬಂದಿರುವ ಅತ್ತೆ-ಮಾವ ಮತ್ತು ನಾಲ್ಕು ಮಕ್ಕಳೂ ಇರುತ್ತಾರೆ. ಬೋಟ್ ನಡೆಸುವುದು ನನ್ನ ಯಜಮಾನರು. ಅವರ ಸ್ನೇಹಿತರು ಕೂಲರ್ ತುಂಬ ಬಿಯರ್ ತರುತ್ತಿದ್ದಾರೆ. “ಜಾರ್ಜಿಯಾದಲ್ಲಿ ಬೋಟಿನಲ್ಲಿ ಕುಡಿಯೋದಕ್ಕೆ ಅಡ್ಡಿ ಇಲ್ಲ. ಇದೇನು ಹೈವೇನಾ? ಎರಡು ಬಿಯರ್‌ಗೆ ಏನೂ ಆಗಲ್ಲ” ಅಂತಾರೆ. ಇದು ನಿಜವಾ? ಯಜಮಾನರು ಎಚ್-1ಬಿ ಕೆಲಸದ ವೀಸಾದಲ್ಲಿದ್ದಾರೆ, ಗ್ರೀನ್ ಕಾರ್ಡ್ ಸರದಿಯಲ್ಲಿದ್ದೇವೆ. ಹಿಡಿದರೆ ಏನಾಗುತ್ತೆ?

ಉತ್ತರ: ಹೊರಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ನಾನು ಇದೇ ಭಾಗದಲ್ಲಿ ಬೋಟ್ ಸುರಕ್ಷತೆಯ ಪಾಠ ಹೇಳಿಕೊಡುತ್ತೇನೆ. ಪ್ರತಿ ಬೇಸಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಕನ್ನಡದ ಕುಟುಂಬಗಳಿಂದ ಈಚೆಗೆ ಜಾಸ್ತಿ ಬರುತ್ತಿದೆ.

ಸ್ನೇಹಿತರು ಹೇಳಿದ್ದರಲ್ಲಿ ಅರ್ಧ ನಿಜ. ಕಾರಿನಲ್ಲಿ ಬಾಟಲಿ ತೆರೆದಿಟ್ಟುಕೊಂಡು ಹೋಗುವುದು ಜಾರ್ಜಿಯಾದಲ್ಲಿ ತಪ್ಪು. ಬೋಟಿನಲ್ಲಿ ಆ ನಿಯಮ ಇಲ್ಲ. ಕೂಲರ್‌ನಲ್ಲಿ ಬಿಯರ್ ಇದ್ದರೆ, ಕೂತವರು ಕುಡಿದರೆ, ಅಷ್ಟಕ್ಕೇ ಯಾರೂ ಹಿಡಿಯುವುದಿಲ್ಲ. ನಡೆಸುವವರು ಮಾತ್ರ ಬೇರೆ ಲೆಕ್ಕ. ರಕ್ತದಲ್ಲಿ ಮದ್ಯದ ಪ್ರಮಾಣ ಶೇ 0.08 ಮುಟ್ಟಿದರೆ ಅದು ಬಿಯುಐ, ಅಂದರೆ ಕುಡಿದು ಬೋಟ್ ನಡೆಸಿದ ಅಪರಾಧ. 21 ವರ್ಷ ತುಂಬದವರಿಗೆ 0.02ಕ್ಕೇ ಗೆರೆ.

ಈ 0.08 ಸುಮ್ನೆ ಬಂದದ್ದಲ್ಲ. 2012ರ ಜೂನ್‌ನಲ್ಲಿ ಜಾರ್ಜಿಯಾದಲ್ಲಿ ಕಾರಿಗೆ 0.08 ಇತ್ತು, ಬೋಟಿಗೆ 0.10 ಇತ್ತು. ಆ ತಿಂಗಳ 18ರ ರಾತ್ರಿ ಇದೇ ಲೇನಿಯರ್‌ನಲ್ಲಿ ಒಂದು ಕುಟುಂಬ ನಿಮ್ಮ ಹಾಗೇ ಪಾಂಟೂನ್‌ನಲ್ಲಿ ಹೋಗುತ್ತಿತ್ತು. ಕುಡಿದವನೊಬ್ಬ ನಡೆಸುತ್ತಿದ್ದ ಮೀನು ಹಿಡಿಯುವ ಬೋಟ್ ಬಂದು ಅದರ ಮೇಲೇ ಹತ್ತಿತು. 9 ಮತ್ತು 13 ವರ್ಷದ ಅಣ್ಣತಮ್ಮಂದಿರು ಜೇಕ್ ಮತ್ತು ಗ್ರಿಫಿನ್ ಪ್ರಿನ್ಸ್ ತೀರಿಕೊಂಡರು. ಮುಂದಿನ ವರ್ಷ, 2013ರಲ್ಲಿ, ಅವರಿಬ್ಬರ ಹೆಸರಿನಲ್ಲೇ ಕಾನೂನು ಬಂತು, ಬೋಟಿನ ಮಿತಿಯೂ 0.08ಕ್ಕೆ ಇಳಿಯಿತು. ನೀವು ಹೋಗುತ್ತಿರುವುದು ಆ ಕೆರೆಗೇ. ಆ ಮಕ್ಕಳು ಇದ್ದ ಬೋಟಿನಲ್ಲಿ ಯಾವ ತಪ್ಪೂ ಆಗಿರಲಿಲ್ಲ ಅನ್ನುವುದನ್ನು ನೆನಪಿಡಿ.

ಇನ್ನು “ಎರಡೇ ಬಿಯರ್” ಅನ್ನುವ ಮಾತು. ಯಾವ ಬಿಯರ್? ಅಮೆರಿಕದ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 12 ಔನ್ಸಿನ, ಶೇ 5ರ ಬಿಯರ್. ಈಗ ಕೂಲರ್‌ಗಳಲ್ಲಿ ಕಾಣುವುದು 16 ಔನ್ಸಿನ ಕ್ರಾಫ್ಟ್ ಬಿಯರ್ ಕ್ಯಾನ್. ಡಬ್ಬಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಶೇ 7.5 ಅಂತ ಬರೆದಿದ್ದರೆ ಅದೊಂದೇ ಎರಡು ಡ್ರಿಂಕ್‌ಗೆ ಸಮ. ಅಂಥ ಎರಡು ಕ್ಯಾನ್ ಅಂದರೆ ನಾಲ್ಕು ಡ್ರಿಂಕ್. ವಿಸ್ಕಿಯವರ ಕಥೆಯೂ ಇಷ್ಟೇ. ನಮ್ಮ ಊರಿನ ಲಾರ್ಜ್ ಪೆಗ್ 60 ಮಿಲಿ. ಅದು ಇಲ್ಲಿನ ಲೆಕ್ಕಕ್ಕೆ ಹೆಚ್ಚುಕಡಿಮೆ ಒಂದೂವರೆ ಡ್ರಿಂಕ್. ಪ್ಲಾಸ್ಟಿಕ್ ಲೋಟಕ್ಕೆ ಕಣ್ಣಳತೆಯಲ್ಲಿ ಸುರಿದರೆ ಎಷ್ಟಾಗುತ್ತದೆ ಅಂತ ಸುರಿದವರಿಗೂ ಗೊತ್ತಿರುವುದಿಲ್ಲ. ದೇಹ ಗಂಟೆಗೆ ಒಂದು ಡ್ರಿಂಕಿನಷ್ಟು ಕರಗಿಸಿದರೆ ದೊಡ್ಡದು. ಕಾಫಿ ಕುಡಿದರೆ, ನೀರಿಗೆ ಧುಮುಕಿದರೆ, ಹೊಟ್ಟೆ ತುಂಬ ಊಟ ಮಾಡಿದರೆ ಕುಡಿದದ್ದು ಬೇಗ ಇಳಿಯುತ್ತದೆ ಅನ್ನುವುದೆಲ್ಲ ಸುಳ್ಳು.

ಹೋಗಲಿ, ಮಾಮೂಲಿ ಬಿಯರ್ ಎರಡೇ ಕುಡಿದರು ಅಂತಲೇ ಇಟ್ಟುಕೊಳ್ಳೋಣ. ಜಾರ್ಜಿಯಾ ಕಾನೂನಿನಲ್ಲಿ ಇನ್ನೊಂದು ಮಾತಿದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. 0.08 ಆಗಿರಲೇಬೇಕು ಅಂತಿಲ್ಲ. ಕುಡಿದ ಕಾರಣಕ್ಕೆ ನೀವು ಬೋಟ್ ನಡೆಸುವುದು ಅಷ್ಟರಮಟ್ಟಿಗೆ ಅಪಾಯಕರವಾಗಿತ್ತು ಅಂತ ತೋರಿಸಿದರೂ ಸಾಕು, ಬಿಯುಐ ಹಾಕಬಹುದು. ಮೀಟರಿನಲ್ಲಿ 0.06 ಬಂತು, ನಾವು ಬಚಾವ್ ಅನ್ನುವ ಹಾಗಿಲ್ಲ.

ನೀರಿನ ಮೇಲೆ ಆ ಎರಡು ಬಿಯರ್ ಮನೆಯಲ್ಲಿ ಕುಡಿದ ಎರಡು ಬಿಯರ್ ಹಾಗೆ ಇರುವುದೂ ಇಲ್ಲ. ಮೂರು-ನಾಲ್ಕು ಗಂಟೆ ಬಿಸಿಲು, ಗಾಳಿ, ಎಂಜಿನ್ ಸದ್ದು, ಅಲೆಯ ಕುಲುಕಾಟ ತಿಂದವರಿಗೆ ಒಂದು ಹನಿ ಕುಡಿಯದಿದ್ದರೂ ಕೈಕಾಲು ನಿಧಾನವಾಗುತ್ತದೆ. ಅದರ ಮೇಲೆ ಬಿಯರ್ ಬಿದ್ದರೆ ಅಮಲು ಬೇಗ ಏರುತ್ತದೆ. ಬಾಯಾರಿಕೆಗೆ ಬಿಯರ್ ಕುಡಿಯುತ್ತಾರೆ. ಬಿಯರ್ ಮೂತ್ರ ಹೆಚ್ಚಿಸಿ ಮೈಯ ನೀರನ್ನು ಇನ್ನಷ್ಟು ಖಾಲಿ ಮಾಡುತ್ತದೆ. ತಲೆಸುತ್ತು ಬರಬಾರದು ಅಂತ ಬೆಳಿಗ್ಗೆಯೇ ವಾಂತಿ ತಡೆಯುವ ಮಾತ್ರೆ ನುಂಗಿದ್ದರೆ ಅದರ ಮಂಪರೂ ಸೇರಿಕೊಳ್ಳುತ್ತದೆ.

ಬೋಟಿಗೆ ಬ್ರೇಕ್ ಇಲ್ಲ. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಎಲ್ಲರೂ ತಲೆ ಆಡಿಸುತ್ತಾರೆ. ಅದರ ಅರ್ಥ ಗೊತ್ತಾಗುವುದು ಸ್ಟೀರಿಂಗ್ ಹಿಡಿದಾಗಲೇ. ಕಾರು ಓಡಿಸಿ ಅಭ್ಯಾಸ ಆದವರಿಗೆ ಎದುರಿಗೆ ಏನಾದರೂ ಬಂದರೆ ಕಾಲು ತಾನಾಗೇ ಬ್ರೇಕಿಗೆ ಹೋಗುತ್ತದೆ. ಪಾಂಟೂನ್‌ನಲ್ಲಿ ಅದರ ಬದಲು ಥ್ರಾಟಲ್ (ಎಂಜಿನ್ ವೇಗ ಹೆಚ್ಚು-ಕಡಿಮೆ ಮಾಡುವ ಹಿಡಿ) ಪೂರ್ತಿ ಹಿಂದಕ್ಕೆ ಎಳೆದುಬಿಡುತ್ತಾರೆ. ಔಟ್‌ಬೋರ್ಡ್ ಎಂಜಿನ್ (ಬೋಟಿನ ಹಿಂದೆ ಹೊರಗಡೆ ಕೂರಿಸಿದ ಎಂಜಿನ್) ಇರುವ ಬೋಟು ತಿರುಗುವುದೇ ಪ್ರೊಪೆಲರ್, ಅಂದರೆ ನೀರೊಳಗೆ ತಿರುಗುವ ರೆಕ್ಕೆ, ನೂಕುವ ನೀರಿನ ಬಲದಿಂದ. ಥ್ರಾಟಲ್ ಬಿಟ್ಟರೆ ಆ ಬಲ ಹೋಯಿತು. ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಸೋಪಿನ ನೀರು ಚೆಲ್ಲಿದ ನೆಲದ ಮೇಲೆ ಮಣೆ ಜಾರಿದ ಹಾಗೆ ಬೋಟು ಹೋಗುವ ಕಡೆಗೇ ಹೋಗುತ್ತದೆ. ತಪ್ಪಿಸಿಕೊಳ್ಳಬೇಕಾದರೆ ಸ್ವಲ್ಪ ಥ್ರಾಟಲ್ ಉಳಿಸಿಕೊಂಡೇ ತಿರುಗಿಸಬೇಕು. ವರ್ಷಕ್ಕೊಮ್ಮೆ ಬಾಡಿಗೆ ಬೋಟು ಹಿಡಿಯುವವರಿಗೆ ಇದು ಮೈಗೆ ಹತ್ತಿರುವುದಿಲ್ಲ, ಯೋಚಿಸಿಯೇ ಮಾಡಬೇಕು. ಕುಡಿದಾಗ ಮೊದಲು ಕೈಕೊಡುವುದು ಈ ಯೋಚನೆಯೇ. 0.02ಕ್ಕೇ ಎರಡು ಕೆಲಸ ಒಟ್ಟಿಗೆ ಮಾಡುವುದು, ಚಲಿಸುವ ವಸ್ತುವಿನ ಮೇಲೆ ಕಣ್ಣಿಡುವುದು ಕಷ್ಟವಾಗಲು ಶುರುವಾಗುತ್ತದೆ.

ರಾತ್ರಿ ಇನ್ನೂ ಕಷ್ಟ. ಪಟಾಕಿ ನೋಡಿಕೊಂಡು ಕತ್ತಲಲ್ಲಿ ವಾಪಸ್ ಬರುವ ಯೋಚನೆ ಇದ್ದರೆ ದಯವಿಟ್ಟು ಕೈಬಿಡಿ. ರಾತ್ರಿ ಇನ್ನೊಂದು ಬೋಟು ಎತ್ತ ಹೋಗುತ್ತಿದೆ ಅಂತ ಗೊತ್ತಾಗುವುದು ಅದರ ದೀಪದಿಂದ. ಅದರ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಎರಡೂ ಒಟ್ಟಿಗೆ ಕಂಡರೆ ಅದು ನೇರ ನಿಮ್ಮ ಮೇಲೇ ಬರುತ್ತಿದೆ. ಕೆಂಪು-ಹಸಿರಿನ ವ್ಯತ್ಯಾಸ ಹಿಡಿಯುವ ಶಕ್ತಿ, ದೂರ ಅಳೆಯುವ ಶಕ್ತಿ, ಕತ್ತಲಲ್ಲಿ ಕಾಣುವ ಶಕ್ತಿ ಮೂರನ್ನೂ ಮದ್ಯ ತಗ್ಗಿಸುತ್ತದೆ. ದಡದ ಮನೆಗಳ ದೀಪಗಳು ಬೇರೆ ಹಿಂದೆ ಹೊಳೆಯುತ್ತಿರುತ್ತವೆ. ನಿಮ್ಮವರು ಕುಡಿದಿಲ್ಲದಿದ್ದರೂ ಆ ರಾತ್ರಿ ಕೆರೆಯಲ್ಲಿ ಕುಡಿದವರು ಬೇಕಾದಷ್ಟು ಜನ ಇರುತ್ತಾರೆ.

ಇಲ್ಲಿಯವರೆಗೆ ಓದಿದವರು ಹೇಳುವುದು ಒಂದೇ: “ಸರಿ ಬಿಡಿ, ನಡೆಸುವವರು ಕುಡಿಯಲ್ಲ, ಉಳಿದವರು ಕುಡೀತೀವಿ.” ಕಾರಿನಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ನೀರಿನಲ್ಲಿ ನಡೆಯುವುದಿಲ್ಲ. ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇದೇ. ಮೇರಿಲ್ಯಾಂಡ್ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳ ಬೋಟ್ ಸಾವುಗಳನ್ನು ಇಟ್ಟುಕೊಂಡು ಮಾಡಿದ ಒಂದು ದೊಡ್ಡ ಅಧ್ಯಯನ 2001ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಪತ್ರಿಕೆಯಲ್ಲಿ ಬಂತು. ಕುಡಿದಷ್ಟೂ ಸಾಯುವ ಅಪಾಯ ಏರುತ್ತಾ ಹೋಗುತ್ತದೆ ಅಂತ ಅದು ತೋರಿಸಿತು. ಅದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಆ ಅಪಾಯ ನಡೆಸುವವರಿಗೂ ಸುಮ್ಮನೆ ಕೂತವರಿಗೂ ಒಂದೇ ಥರ ಇತ್ತು. ಬೋಟು ಓಡುತ್ತಿದ್ದರೂ ಅಷ್ಟೇ, ನಿಂತಿದ್ದರೂ ಅಷ್ಟೇ.

ಯಾಕೆ ಹೀಗೆ? ಕಾರಿನಲ್ಲಿ ಹಿಂದಿನ ಸೀಟಿನವರು ಬೆಲ್ಟ್ ಹಾಕಿಕೊಂಡು ಕೂತಿರುತ್ತಾರೆ. ಬೋಟಿನಲ್ಲಿ ಎದ್ದು ಓಡಾಡುತ್ತಾರೆ. ಪಾಂಟೂನ್‌ನ ಮುಂಭಾಗದಲ್ಲಿ ಒಂದು ಸಣ್ಣ ಗೇಟು ಇರುತ್ತದೆ. ಅದರಾಚೆ ಕಾಲಿಡಲು ಎರಡು ಅಡಿ ಜಾಗ. ಫೋಟೊ ಚೆನ್ನಾಗಿ ಬರುತ್ತದೆ ಅಂತ ಅಲ್ಲಿ ಕಾಲು ಇಳಿಬಿಟ್ಟು ಕೂರುವವರು ತುಂಬ ಜನ. ಪಕ್ಕದ ಬೋಟಿನ ಒಂದು ಅಲೆ ಬಡಿದರೆ ಮುಂದಕ್ಕೆ ಬೀಳುತ್ತಾರೆ. ಬೋಟು ಅವರ ಮೇಲೇ ಹಾಯುತ್ತದೆ. ಎರಡು ತೇಲುಕೊಳವೆಗಳ ನಡುವೆ ಸಿಕ್ಕವರು ನೇರ ಹಿಂದಿನ ಪ್ರೊಪೆಲರ್ ಹತ್ತಿರ ಬರುತ್ತಾರೆ. ನಡೆಸುವವರಿಗೆ ಗೊತ್ತಾಗಿ ಕೈ ಆಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇನ್ನು ಗಂಡಸರು. ಬಿಯರ್ ಕುಡಿದ ಮೇಲೆ ಮೂತ್ರಕ್ಕೆ ಅಂತ ಹಿಂದಿನ ಏಣಿಯ ಹತ್ತಿರ ಹೋಗಿ ನಿಲ್ಲುತ್ತಾರೆ, ಒಂದು ಕೈಯಲ್ಲಿ ಕಂಬಿ ಹಿಡಿದಿರುತ್ತಾರೆ ಅಥವಾ ಅದೂ ಇಲ್ಲ. ಆಯ ತಪ್ಪಿ ಬಿದ್ದರೆ ಹಾಡಿನ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ. ಹೇಳಲು ಮುಜುಗರದ ವಿಷಯ, ಆದರೆ ಜೀವ ಹೋಗುವ ವಿಷಯವೂ ಹೌದು.

ಬಿದ್ದ ಮೇಲೆ ಏನಾಗುತ್ತದೆ ನೋಡಿ. ನಮ್ಮ ಮೈಯ ಸಮತೋಲ ಕಾಯುವುದು ಒಳಕಿವಿ. ಅಲ್ಲಿರುವ ದ್ರವದಲ್ಲಿ ಮದ್ಯ ಬೆರೆತರೆ ಮೇಲೆ ಯಾವುದು, ಕೆಳಗೆ ಯಾವುದು ಅನ್ನುವ ಅರಿವೇ ತಪ್ಪುತ್ತದೆ. ದಡದಲ್ಲಾದರೆ ನೆಲ ಕಾಲಿಗೆ ಸಿಗುತ್ತದೆ, ಕಣ್ಣಿಗೆ ಗೋಡೆ ಕಾಣುತ್ತದೆ. ಲೇನಿಯರ್‌ನ ಹಸಿರು ನೀರಿನೊಳಗೆ ಎರಡೂ ಇಲ್ಲ. ಈಜು ಬಲ್ಲವರೂ ಕೆಳಮುಖವಾಗಿ ಕೈ ಹೊಡೆಯುವುದುಂಟು. ಕೋಸ್ಟ್ ಗಾರ್ಡ್ ಲೆಕ್ಕದ ಪ್ರಕಾರ 2023ರಲ್ಲಿ ಅಮೆರಿಕದಲ್ಲಿ ಮೋಜಿನ ಬೋಟುಗಳ ಅವಘಡಗಳಲ್ಲಿ 564 ಜನ ಸತ್ತರು. ಕಾರಣ ಗೊತ್ತಾದ ಸಾವುಗಳಲ್ಲಿ ನಾಲ್ಕರಲ್ಲಿ ಮೂರು ಮುಳುಗಿ ಆದವು. ಮುಳುಗಿದವರಲ್ಲಿ ಶೇ 87 ಜನ ಲೈಫ್ ಜಾಕೆಟ್ ಹಾಕಿರಲಿಲ್ಲ. ಸಾವಿಗೆ ಕಾರಣಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಮದ್ಯದ್ದೇ.

ನಮ್ಮವರ ವಿಷಯದಲ್ಲಿ ಇನ್ನೊಂದು ಸಂಕಟ ಇದೆ. ನಮ್ಮಲ್ಲಿ ಬಹಳ ಜನರಿಗೆ ಈಜು ಬರುವುದಿಲ್ಲ. ದೋಣಿಯ ಅನುಭವ ಅಂದರೆ ಎಲ್ಲೋ ಹರಿಗೋಲಿನಲ್ಲಿ ಕೂತದ್ದು, ಅದನ್ನು ನಡೆಸಿದವರು ಬೇರೆ. ನಿಮ್ಮ ಅತ್ತೆ-ಮಾವ ನೀರಿಗೆ ಬಿದ್ದರೆ ಎಳೆದುಕೊಳ್ಳಲು ಗಟ್ಟಿ ಕೈ ಬೇಕು, ಮಕ್ಕಳ ಮೇಲೆ ಕಣ್ಣು ಬೇಕು. ಬೋಟಿನಲ್ಲಿ ಎಚ್ಚರ ಇರುವವರು ಸ್ಟೀರಿಂಗ್ ಹಿಡಿದ ಒಬ್ಬರೇ ಆದರೆ ನೀರಿಗೆ ಇಳಿಯುವವರು ಯಾರು? ಅವರೇ ಇಳಿದರೆ ಬೋಟು ಹಿಡಿಯುವವರು ಯಾರು?

ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಎಂಜಿನ್ ಓಡುತ್ತಿರುವಾಗ ಬೋಟಿನ ಹಿಂಭಾಗದ ಮೆಟ್ಟಿಲಲ್ಲಿ ಯಾರೂ ಕೂರಬಾರದು. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆ ಇಲ್ಲ. ತಲೆನೋವು, ವಾಂತಿ, ತೊದಲು ಮಾತು, ಮಂಪರು ಅದರ ಲಕ್ಷಣ. ಕುಡಿದವರಂತೆಯೇ ಕಾಣುತ್ತಾರೆ. ಎಲ್ಲರೂ ಕುಡಿದಿರುವ ಬೋಟಿನಲ್ಲಿ “ಜಾಸ್ತಿ ಆಗಿದೆ, ಮಲಗಲಿ ಬಿಡು” ಅಂತ ಬಿಟ್ಟುಬಿಡುತ್ತಾರೆ. ಅವರು ಏಳದೇ ಹೋಗಬಹುದು. ಯಾರೂ ಕುಡಿಯದ ಬೋಟಿನಲ್ಲಿ ಇದು ತಟ್ಟನೆ ಗೊತ್ತಾಗುತ್ತದೆ.

ಈಗ ಹಿಡಿದರೆ ಏನಾಗುತ್ತೆ ಅನ್ನುವ ಪ್ರಶ್ನೆ. ಜುಲೈ 4ರ ಸುತ್ತಮುತ್ತ ದೇಶದಾದ್ಯಂತ ಆಪರೇಷನ್ ಡ್ರೈ ವಾಟರ್ ಅಂತ ವಿಶೇಷ ತಪಾಸಣೆ ನಡೆಯುತ್ತದೆ. 2009ರಿಂದ ನಡೆಯುತ್ತಿದೆ. ಲೇನಿಯರ್‌ನಲ್ಲಿ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಗೇಮ್ ವಾರ್ಡನ್‌ಗಳು ಗಸ್ತು ತಿರುಗುತ್ತಾರೆ. ಅವರು ಪೊಲೀಸರೇ, ಬಂಧಿಸುವ ಅಧಿಕಾರ ಇದೆ. ಲೈಫ್ ಜಾಕೆಟ್ ಸಾಕಷ್ಟು ಇದೆಯಾ ಅಂತ ನೋಡಲು ನಿಲ್ಲಿಸಬಹುದು. ಇನ್ನೊಂದು ಬೋಟಿನ ಅಥವಾ ಡಾಕ್‌ನ (ಬೋಟು ಕಟ್ಟುವ ಕಟ್ಟೆಯ) 100 ಅಡಿಯೊಳಗೆ ನಿಧಾನಿಸದೆ ಹೋದರೂ ನಿಲ್ಲಿಸುತ್ತಾರೆ. ಹೊಸಬರು ಸಿಕ್ಕಿಬೀಳುವುದು ಹೆಚ್ಚಾಗಿ ಇದರಲ್ಲೇ. ವಾಸನೆ ಬಂದರೆ ಕೂತಲ್ಲೇ ಪರೀಕ್ಷೆ ಮಾಡುತ್ತಾರೆ. ಪೆನ್ನಿನ ತುದಿಯನ್ನು ಕಣ್ಣಿನಿಂದ ಹಿಂಬಾಲಿಸಬೇಕು, ಬೆರಳಿನಿಂದ ಮೂಗಿನ ತುದಿ ಮುಟ್ಟಬೇಕು, ಅಂಗೈ ಮಗುಚಿ ಮಗುಚಿ ತಟ್ಟಬೇಕು. ಬೋಟು ಅಲ್ಲಾಡುತ್ತಿತ್ತು ಸರ್ ಅನ್ನುವ ನೆಪ ನಡೆಯಬಾರದು ಅಂತಲೇ ಕೂತು ಮಾಡುವ ಪರೀಕ್ಷೆಗಳನ್ನು ರೂಪಿಸಿದ್ದಾರೆ. ಉಸಿರು ಅಥವಾ ರಕ್ತದ ಪರೀಕ್ಷೆಗೆ ಒಪ್ಪದಿದ್ದರೆ ಬೋಟು ನಡೆಸುವ ಹಕ್ಕನ್ನು ಒಂದು ವರ್ಷದವರೆಗೆ ಕಳೆದುಕೊಳ್ಳಬಹುದು.

ಮೊದಲ ಸಲದ ಬಿಯುಐಗೆ 1,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು. ಪೂರ್ತಿ ವರ್ಷ ಯಾರನ್ನೂ ಒಳಗಿಡುವುದಿಲ್ಲ ಅಂತ ಹೇಳುವವರಿದ್ದಾರೆ. ನಿಮ್ಮ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಬೋಟಿನಲ್ಲಿ 14 ವರ್ಷದೊಳಗಿನ ಮಕ್ಕಳಿದ್ದರೆ ಮಗುವನ್ನು ಅಪಾಯಕ್ಕೆ ಒಡ್ಡಿದ ಅಪರಾಧ ಬೇರೆಯೇ ಸೇರುತ್ತದೆ. ಅದು ಬಿಯುಐ ಒಳಗೆ ಕರಗಿಹೋಗುವುದಿಲ್ಲ. ನಿಮ್ಮ ಬೋಟಿನಲ್ಲಿ ನಾಲ್ಕು ಮಕ್ಕಳು. ಕುಡಿದು ನಡೆಸಿ ಯಾರಾದರೂ ಸತ್ತರೆ ಅದು ಮೊದಲ ದರ್ಜೆಯ ಹೋಮಿಸೈಡ್ ಬೈ ವೆಸಲ್ (ಬೋಟಿನಿಂದ ಸಾವು ಉಂಟುಮಾಡಿದ ಅಪರಾಧ), 3ರಿಂದ 15 ವರ್ಷ ಸೆರೆ. ಜೆಟ್ ಸ್ಕೀ ನಡೆಸಿದರೂ, ವಾಟರ್ ಸ್ಕೀ ಮೇಲೆ ನಿಂತರೂ ಬಿಯುಐ ಕಾನೂನು ಅನ್ವಯಿಸುತ್ತದೆ. ಬಾಡಿಗೆ ಕರಾರನ್ನೂ ಓದಿ. ಕುಡಿದು ನಡೆಸಿದರೆ ಹಾನಿಯ ರಕ್ಷಣೆ ಸಿಗುವುದಿಲ್ಲ ಅಂತ ಅನೇಕ ಕಡೆ ಬರೆದಿರುತ್ತಾರೆ.

ಲಂಗರು ಹಾಕಿ ನಿಂತಾಗ ಕುಡಿದರೆ? ಜಾರ್ಜಿಯಾ ಕಾನೂನು ಹೇಳುವುದು ಚಲಿಸುವ ಬೋಟಿನ ಬಗ್ಗೆ. ಹಾಗಾಗಿ ನಿಂತ ಬೋಟಿನಲ್ಲಿ ಕುಡಿದದ್ದಕ್ಕೇ ಬಿಯುಐ ಆಗುವುದಿಲ್ಲ. ಆದರೆ ಬಾಡಿಗೆ ಬೋಟನ್ನು ಸಂಜೆ ಮರೀನಾಕ್ಕೆ (ಬೋಟು ನಿಲ್ಲಿಸುವ ತಾಣಕ್ಕೆ) ಒಪ್ಪಿಸಬೇಕು ಅಲ್ವಾ? ಲಂಗರು ಎತ್ತುವವರು ಯಾರು ಅನ್ನುವುದು ಆಗ ಏಳುವ ಪ್ರಶ್ನೆ.

ವೀಸಾ ವಿಷಯ ಜಾಸ್ತಿ ಗಮನವಿಟ್ಟು ಓದಿ. ಕುಡಿದು ವಾಹನ ನಡೆಸಿದ ಅಥವಾ ಅಂಥದ್ದೇ ಪ್ರಕರಣದಲ್ಲಿ ಕಳೆದ 5 ವರ್ಷದೊಳಗೆ ಬಂಧನವಾಗಿದ್ದರೂ ಸಾಕು, ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ರದ್ದು ಮಾಡಬಹುದು. ಶಿಕ್ಷೆ ಆಗಿರಬೇಕು ಅಂತಿಲ್ಲ, ಕೇಸು ಬಿದ್ದುಹೋಗಿದ್ದರೂ ರದ್ದಾದದ್ದು ತಾನಾಗಿ ವಾಪಸ್ ಬರುವುದಿಲ್ಲ. ಬೋಟಿನ ಪ್ರಕರಣವನ್ನೂ ಅದೇ ಸಾಲಿಗೆ ಸೇರಿಸುವ ಸಾಧ್ಯತೆ ಇದೆ ಅಂತಲೇ ತಿಳಿದು ನಡೆಯಬೇಕು. ಹಾಗೆ ರದ್ದಾದರೆ ಇಲ್ಲಿನ ಕೆಲಸ ಅಂದೇ ಹೋಗುತ್ತದೆ ಅಂತಲ್ಲ. ಪಾಸ್‌ಪೋರ್ಟಿನಲ್ಲಿರುವ ವೀಸಾ ಬೇರೆ, ಇಲ್ಲಿ ಇರಲು ಕೊಟ್ಟ ಅನುಮತಿ ಬೇರೆ. ಆದರೆ ಊರಿಗೆ ಹೋದರೆ ಹೊಸ ವೀಸಾಕ್ಕೆ ಮತ್ತೆ ಸಂದರ್ಶನ, ಅಮೆರಿಕದ ಕಾನ್ಸುಲೇಟ್‌ನವರು ಹೇಳಿದ ವೈದ್ಯರ ಹತ್ತಿರ ತಪಾಸಣೆ, ಅಲ್ಲಿಯವರೆಗೆ ಕಾಯುವುದು. ಅಪ್ಪ-ಅಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂದಾಗ ಟಿಕೆಟ್ ತೆಗೆಯಲು ಕೈ ನಡುಗುವ ಪರಿಸ್ಥಿತಿ ಅದು. ಮುಂದೆ ವೀಸಾ ಅರ್ಜಿ, ಗ್ರೀನ್ ಕಾರ್ಡ್, ಪೌರತ್ವ ಎಲ್ಲ ಫಾರಂನಲ್ಲೂ “ಎಂದಾದರೂ ಬಂಧನವಾಗಿದೆಯಾ” ಅಂತ ಕೇಳುತ್ತಾರೆ. ಹೌದು ಅಂತಲೇ ಬರೆಯಬೇಕು. ಮುಚ್ಚಿಟ್ಟರೆ ಬಂಧನಕ್ಕಿಂತ ಆ ಸುಳ್ಳೇ ದೊಡ್ಡದಾಗುತ್ತದೆ. ಯಾರಾದರೂ ಸಿಕ್ಕಿಬಿದ್ದಿದ್ದರೆ ಬೇಗ ಮುಗಿಯಲಿ ಅಂತ ತಪ್ಪೊಪ್ಪಿಗೆಗೆ ಸಹಿ ಹಾಕುವ ಮೊದಲು ವಲಸೆ ಕಾನೂನಿನ ವಕೀಲರನ್ನು ಕಾಣಲಿ. “ನೋಲೊ” (ಆರೋಪದ ವಿರುದ್ಧ ವಾದಿಸುವುದಿಲ್ಲ ಅನ್ನುವ ಹೇಳಿಕೆ) ಅಂದರೆ ತಪ್ಪು ಒಪ್ಪಿದ ಹಾಗಲ್ಲ ಅಂತ ಸ್ಥಳೀಯ ಕೋರ್ಟಿನಲ್ಲಿ ಯಾರಾದರೂ ಹೇಳಬಹುದು. ಶಿಕ್ಷೆ ಜೊತೆಗಿದ್ದರೆ ವಲಸೆ ಕಾನೂನು ಅದನ್ನೂ ಶಿಕ್ಷೆಗೊಳಗಾದ ಹಾಗೇ ನೋಡುತ್ತದೆ.

ಹಾಗಾದರೆ ಏನು ಮಾಡಬೇಕು? ಪ್ರವಾಸ ನಿಲ್ಲಿಸಬೇಡಿ. ಕೂಲರ್‌ನಿಂದ ಬಿಯರ್ ತೆಗೆದು ಮನೆಯ ಫ್ರಿಜ್ಜಿನಲ್ಲಿಡಿ. ಸಂಜೆ ಬೋಟು ಒಪ್ಪಿಸಿ, ಮನೆ ಸೇರಿದ ಮೇಲೆ ಬೇಕಾದವರು ಕುಡಿಯಲಿ. ಕೂಲರ್‌ನಲ್ಲಿ ನೀರು, ನಿಂಬೆಹಣ್ಣಿನ ಪಾನಕ, ನೀರುಮಜ್ಜಿಗೆ ಜಾಸ್ತಿ ಇರಲಿ. ಹಿಂದಿನ ರಾತ್ರಿ ಪಾರ್ಟಿ ತಡವಾಗಿ ಮುಗಿದಿದ್ದರೆ ಬೆಳಿಗ್ಗೆ ಸ್ಟೀರಿಂಗ್ ಹಿಡಿಯುವವರ ಮೈಯಲ್ಲಿ ಮದ್ಯ ಇನ್ನೂ ಇರಬಹುದು, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ನಿಮ್ಮ ಯಜಮಾನರು 1998ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಾದರೆ ಬೋಟ್ ಶಿಕ್ಷಣದ ಕೋರ್ಸ್ ಕಡ್ಡಾಯ. ಮೊದಲೇ ಹುಟ್ಟಿದವರಾದರೂ ಮಾಡಲಿ, ಆನ್‌ಲೈನ್‌ನಲ್ಲೇ ಆಗುತ್ತದೆ. ನಡೆಸಲು ಗೊತ್ತಿರುವ ಇನ್ನೊಬ್ಬರೂ ಬೋಟಿನಲ್ಲಿರಲಿ. ಸ್ಟೀರಿಂಗ್ ಪಕ್ಕದಲ್ಲಿ ಕೆಂಪು ಬಣ್ಣದ ಸುರುಳಿ ದಾರ ನೇತಾಡುತ್ತಿರುತ್ತದೆ. ನಡೆಸುವವರು ಅದರ ಕೊಕ್ಕೆಯನ್ನು ತಮ್ಮ ಜಾಕೆಟ್‌ಗೆ ಸಿಕ್ಕಿಸಿಕೊಳ್ಳಬೇಕು. ಅವರು ಬಿದ್ದರೆ ದಾರ ಕಿತ್ತುಕೊಂಡು ಎಂಜಿನ್ ತಾನಾಗೇ ನಿಲ್ಲುತ್ತದೆ. 13 ವರ್ಷದೊಳಗಿನ ಮಕ್ಕಳಿಗೆ ಚಲಿಸುವ ಬೋಟಿನಲ್ಲಿ ಲೈಫ್ ಜಾಕೆಟ್ ಕಾನೂನಿನ ಪ್ರಕಾರವೇ ಕಡ್ಡಾಯ. ಅತ್ತೆ-ಮಾವನಿಗೂ ಹಾಕಿಸಿ. ಸೀಟಿನ ಕೆಳಗೆ ಜಿಪ್ ಚೀಲದಲ್ಲಿರುವ ಕಿತ್ತಳೆ ಜಾಕೆಟ್ ಬಿಸಿಲಿಗೆ ಸೆಕೆ ಆಗುತ್ತದೆ, ಮಾವ ಅರ್ಧ ಗಂಟೆಗೆ ಬಿಚ್ಚಿಡುತ್ತಾರೆ. ಕಯಾಕ್ ನಡೆಸುವವರು ಹಾಕುವ, ಬೆನ್ನಿಗೆ ಜಾಲರಿ ಇರುವ ಜಾಕೆಟ್ ಎರಡು ಕೊಂಡುಬಿಡಿ. ಸೀರೆ ಬೇಡ, ಅತ್ತೆಗೆ ಚೂಡಿದಾರ್ ಹಾಕಿಕೊಳ್ಳಲು ಹೇಳಿ.

ಸ್ನೇಹಿತರಿಗೆ ಇದನ್ನು ಹೇಳುವುದು ಹೇಗೆ ಅನ್ನುವ ಸಂಕೋಚ ನಿಮಗೆ ಇರಬಹುದು. ಬೋಟ್ ಹತ್ತುವಾಗ ಹೇಳಿದರೆ ಎಲ್ಲರ ಮುಖ ಕೆಡುತ್ತದೆ. ಎರಡು ದಿನ ಮೊದಲೇ, ಯಾರು ಏನು ತರಬೇಕು ಅಂತ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚುವಾಗ ಬರೆದುಬಿಡಿ: ಬೋಟಿನಲ್ಲಿ ಮದ್ಯ ಇಲ್ಲ, ರಾತ್ರಿ ಊಟ ನಮ್ಮ ಮನೆಯಲ್ಲಿ, ಬಿಯರ್ ಅಲ್ಲಿಗೆ ತನ್ನಿ. ಕರಾರಿಗೆ ಸಹಿ ಹಾಕುವವರು ನಿಮ್ಮ ಯಜಮಾನರು, ಕೇಸು ಬಿದ್ದರೆ ಅವರ ಮೇಲೇ ಬೀಳುವುದು. ಈ ಷರತ್ತು ಹಾಕುವ ಹಕ್ಕು ಅವರಿಗೆ ಪೂರ್ತಿ ಇದೆ.